ಸಾಹುಕಾರರ ಮನೆಗೆ ಹೋದ ಟೀವಿ

ನಾನು ಪುಕ್ಕಲಿ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದೆಲ್ಲ ಸಲೀಸು. ಯಾರಾದರೂ ಜೋರಾಗಿ ಬಾಗಿಲು ತಟ್ಟಿದರೆ ನನ್ನ ಕೈಯಲ್ಲಿದ್ದ ಪಾತ್ರೆ ಬೀಳುತ್ತದೆ. ಪೋಸ್ಟ್‌ಮ್ಯಾನ್ ಹೆಸರು ಹಿಡಿದು ಕರೆದರೆ ಯಾರೋ ಸತ್ತರು ಎಂದೇ ಎಣಿಸುತ್ತೇನೆ. ನಮ್ಮನೆಯವರು ತಿಪ್ಪೇಶಪ್ಪ ಇದಕ್ಕೆ ತದ್ವಿರುದ್ಧ. ಹೆದರೋರ ಮೇಲೆ ಕಪ್ಪೆ ಎಸೆದರಂತೆ, ಹಾಗೆ ದೇವರು ಈ ಮನುಷ್ಯನನ್ನು ತಂದು ನನ್ನ ಮೇಲೆ ಎಸೆದ.

ಅವರಿಗೆ ಸರ್ಕಾರಿ ನೌಕರಿ. ಇಲಾಖೆಯ ಜೀಪಿನಲ್ಲಿ ಪ್ರೊಜೆಕ್ಟರ್ ಹೇರಿಕೊಂಡು ಚನ್ನಗಿರಿ, ಹೊನ್ನಾಳಿ ಕಡೆಯ ಹಳ್ಳಿಗಳನ್ನು ಸುತ್ತಿ, ಶಾಲೆಯ ಗೋಡೆಯ ಮೇಲೆ ಸಣ್ಣ ಸಣ್ಣ ಸಿನಿಮಾ ತೋರಿಸುವುದು ಕೆಲಸ. ಸೊಳ್ಳೆ ಕಚ್ಚಿದರೆ ಏನಾಗುತ್ತದೆ, ಮಕ್ಕಳು ಎರಡೇ ಇದ್ದರೆ ಎಷ್ಟು ಸುಖ, ಗೋಬರ್ ಗ್ಯಾಸಿನಲ್ಲಿ ಅನ್ನ ಹೇಗೆ ಬೇಯುತ್ತದೆ, ಇಂಥವು. ಹೋದ ಊರಲ್ಲೆಲ್ಲ ಮಕ್ಕಳು ಜೀಪಿನ ಹಿಂದೆ ಓಡುತ್ತಿದ್ದರು. 'ಸಿನಿಮಾ ತಿಪ್ಪೇಶಪ್ಪ' ಎಂದೇ ಅವರ ಹೆಸರು.

ಎಂಬತ್ತಾರನೇ ಇಸವಿಯಲ್ಲಿ ಇಲಾಖೆಗೆ ಹೊಸ ಪ್ರೊಜೆಕ್ಟರ್ ಬಂತು. ಹಳೆಯದನ್ನು ಹರಾಜು ಹಾಕುತ್ತಾರೆಂದು ಸುದ್ದಿಯಾಯಿತು. ಅದೇ ಹೊತ್ತಿಗೆ ಇವರ ತಲೆಯಲ್ಲಿ ಟೀವಿ ಹೊಕ್ಕಿತ್ತು. ಕೂಡಿಟ್ಟ ದುಡ್ಡು ಒಂದಕ್ಕೆ ಸಾಲುತ್ತಿತ್ತು, ಎರಡಕ್ಕಲ್ಲ.

"ಪ್ರೊಜೆಕ್ಟರೇ ತಗೊಳ್ರಿ," ಎಂದೆ ನಾನು. "ನಿಮ್ಮ ಕೈಗೆ ಪಳಗಿದ ಮಿಷನ್ನು. ಕೆಟ್ರೂ ನೀವೇ ರಿಪೇರಿ ಮಾಡ್ತೀರಿ. ಗೋಡೆಗೆ ಪಂಚೆ ಕಟ್ಟಿದ್ರೆ ಆತು. ನೋಡಿ ಆದ್ಮೇಲೆ ಪೆಟ್ಟಿಗೆಗೆ ಹಾಕಿ ಮಂಚದ ಕೆಳಗೆ ತಳ್ಳಿದ್ರೆ ಯಾರಿಗೂ ಕಾಣಾಕಿಲ್ಲ."

"ಯಾರಿಗೂ ಯಾಕೆ ಕಾಣಬಾರ್ದು?" ಎಂದರು ಅವರು.

ನಾನು ಮಾತು ತೇಲಿಸಿದೆ. ಟೀವಿಯಿಂದ ಕಣ್ಣು ಹೋಗುತ್ತದಂತೆ, ಸಿಡಿಲು ಎಳೆಯುತ್ತದಂತೆ, ಮಗಳು ಬೊಮ್ಮಕ್ಕನ ಓದು ಮಣ್ಣುಗೂಡುತ್ತದೆ ಎಂದೆಲ್ಲ ಹೇಳಿದೆ. ಬೊಮ್ಮಕ್ಕ ಆಗ ನ್ಯಾಮತಿ ಹೈಸ್ಕೂಲಿನಲ್ಲಿ ಒಂಬತ್ತನೇ ಕ್ಲಾಸು. "ನನ್ನ ಓದಿನ ಹೆಸರು ತರಬ್ಯಾಡವ್ವ," ಎಂದಳು ಪುಸ್ತಕದಿಂದ ತಲೆ ಎತ್ತದೆ.

ಇವರು ಆ ದಿನ ಒಂದು ಮಾತು ಹೇಳಿದರು. "ಉಡಚಿ, ಹದಿನೆಂಟು ವರ್ಷ ಮಿಷನ್ನಿನ ಹಿಂದೆ ನಿಂತೀನಿ. ರೀಲು ಕಡಿದ್ರೆ ಅಂಟಿಸ್ಬೇಕು, ದೀಪ ಸುಟ್ರೆ ಬದಲಿ ಹಾಕ್ಬೇಕು. ಎಲ್ರೂ ಕುಂತು ನೋಡ್ತಾರೆ, ನಾನೊಬ್ನೇ ನಿಂತಿರ್ತೀನಿ. ಮನೇಲಿ ಪ್ರೊಜೆಕ್ಟರ್ ತಂದ್ರೆ ಇಲ್ಲೂ ನಿಂತಿರ್ಬೇಕು. ನನಗೆ ನನ್ನ ಹೆಂಡ್ತಿ ಮಗಳ ಪಕ್ಕ ಕುಂತು ನೋಡ್ಬೇಕು ಅನ್ನೋ ಆಸೆ ಐತೆ."

ಇಂಥ ಮಾತಿಗೆ ಯಾವ ಹೆಂಡತಿ ಎದುರು ಹೇಳುತ್ತಾಳೆ? ನಾನೂ ಹೇಳಲಿಲ್ಲ. ಆದರೆ ಹೆದರಿಕೆ ಹೋಗಲಿಲ್ಲ.

ನನ್ನ ಹೆದರಿಕೆ ಟೀವಿಯದ್ದಲ್ಲ, ಅದರ ಕಂಬದ್ದು. ದೂರದ ಪ್ರಸಾರ ಹಿಡಿಯಬೇಕಾದರೆ ಮನೆಯ ಪಕ್ಕ ಮೂವತ್ತು ಅಡಿ ಕಂಬ ನೆಟ್ಟು ಅದರ ತುದಿಗೆ ಆಂಟೆನಾ ಕಟ್ಟಬೇಕು ಎಂದು ನಾನು ಹೊನ್ನಾಳಿಯಲ್ಲಿ ನೋಡಿದ್ದೆ. ಹೊನ್ನಾಳಿ ಪೇಟೆ, ಅಲ್ಲಿ ಯಾರ ಮನೆ ಪಕ್ಕ ಯಾರ ಕಂಬವೋ. ನಮ್ಮದು ಹಳ್ಳಿ. ಊರಿನ ಕೊನೆಗೆ ನಮ್ಮ ಕೇರಿ. ಊರೊಳಗೆ ಅಡಿಕೆ ವ್ಯಾಪಾರದ ಸಾಹುಕಾರ ಕಲ್ಲೇಶಪ್ಪನವರ ಮಹಡಿ ಮನೆ. ಅವರೇ ಇನ್ನೂ ಟೀವಿ ತಂದಿರಲಿಲ್ಲ. ನಮ್ಮ ಹೆಂಚು ದಾಟಿ ಕಂಬ ಎದ್ದರೆ ಅವರ ಮಹಡಿಗಿಂತ ಎತ್ತರ. ಕೆರೆ ಏರಿಯ ಮೇಲಿಂದ ನೋಡಿದರೆ ಊರಲ್ಲಿ ಮೊದಲು ಕಾಣುವುದು ಅದೇ.

ನನ್ನ ತವರು ಜಗಳೂರು ಕಡೆ, ಮಣ್ಣಿನ ಮಾಳಿಗೆಯ ಮನೆಗಳ ಊರು. ನನಗೆ ಒಂಬತ್ತು ವರ್ಷವಿದ್ದಾಗ ಅಪ್ಪ ಮಾಳಿಗೆಯ ಮೇಲೆ ಒಂದು ಕೋಣೆ ಎಬ್ಬಿಸಲು ಹೊರಟ. ಗೋಡೆ ಎದೆಯ ಮಟ್ಟಕ್ಕೆ ಬಂದ ದಿನ ಹಾರೆ ಹಿಡಿದು ಆರು ಜನ ಬಂದರು. ಅಲ್ಲಿ ನಿಂತರೆ ಊರ ಹಿರಿಯರ ಹಿತ್ತಿಲು ಕಾಣುತ್ತದಂತೆ. ಅಪ್ಪ ತಡೆಯಲಿಲ್ಲ, ಬೈಯಲಿಲ್ಲ. ಅವರು ಕೆಡವಿ ಹೋದ ಮೇಲೆ ಮಣ್ಣನ್ನು ತಾನೇ ಬುಟ್ಟಿಗೆ ತುಂಬಿ ಹೊರಗೆ ಹಾಕಿದ. ಬುಟ್ಟಿಯ ಇನ್ನೊಂದು ಕಡೆ ಹಿಡಿದಿದ್ದವಳು ನಾನು. ಇದನ್ನು ನಾನು ಗಂಡನಿಗೂ ಹೇಳಿರಲಿಲ್ಲ. ಹೇಳಿದ್ದರೆ, ಆ ಕಾಲ ಹೋಯಿತು ಕಣೇ, ಎನ್ನುತ್ತಿದ್ದರು. ಹೋಗಿದ್ದಿರಬಹುದು. ಹೋಗುವಾಗ ನನಗೆ ಹೇಳಿ ಹೋಗಿರಲಿಲ್ಲ.

ಟೀವಿ ಬಂತು. ಶಿವಮೊಗ್ಗದಿಂದ ಬಸ್ಸಿನಲ್ಲಿ ತೊಡೆಯ ಮೇಲೆ ಕೂಸಿನ ಹಾಗೆ ಕೂರಿಸಿಕೊಂಡು ತಂದರು. ಹದಿನಾಲ್ಕು ಇಂಚಿನ ಕಪ್ಪು ಬಿಳುಪಿನದು. ಟೇಬಲ್ಲಿನ ಮೇಲೆ ಇಟ್ಟ ಮೇಲೆ ಬೊಮ್ಮಕ್ಕ ಅದರ ಹಣೆಗೆ ಕುಂಕುಮ ಇಟ್ಟಳು, ಟೀವಿಯ ಹಣೆ ಎಲ್ಲಿ ಎಂದು ಸ್ವಲ್ಪ ಹುಡುಕಿ. ಗುಂಡಿ ಒತ್ತಿದರೆ ಬರೀ ಚುಕ್ಕಿ, ಬಾಣಲೆಯಲ್ಲಿ ಅಕ್ಕಿ ಹುರಿದಂಥ ಸದ್ದು. ಆಂಟೆನಾವನ್ನು ಅಟ್ಟದ ಮೇಲೆ ಇಟ್ಟು ನೋಡಿದರು, ಕಿಟಕಿಗೆ ಕಟ್ಟಿ ನೋಡಿದರು. ಚುಕ್ಕಿಗಳ ಹಿಂದೆ ಒಬ್ಬ ಮನುಷ್ಯ ಬಂದಂತಾಗಿ ಹೋದ. ನನಗೆ ಒಳಗೊಳಗೇ ಖುಷಿ. ಅವನು ಹಾಗೇ ಹೋಗಲಿ ಎಂದುಕೊಂಡೆ.

"ಕಂಬ ಬೇಕೇ ಬೇಕು," ಎಂದು ಇವರು ಎದ್ದು ಹೊರಟರು. ಹೋದದ್ದು ಎಲ್ಲಿಗೆ ಅಂದುಕೊಂಡಿರಿ? ನೇರ ಕಲ್ಲೇಶಪ್ಪನವರ ತೋಟಕ್ಕೆ. ಗಾಳಿಗೆ ಬಿದ್ದ ಅಡಿಕೆ ಮರ ಇದ್ದರೆ ಕೊಡಿ ಎಂದು ಕೇಳಲಿಕ್ಕೆ.

ತಿರುಗಿ ಬಂದವರನ್ನು ಬಾಗಿಲಲ್ಲೇ ಹಿಡಿದೆ. "ಏನಂದ್ರು?"

"ಎಷ್ಟುದ್ದ ಬೇಕು ಅಂದ್ರು. ಮೂವತ್ತಡಿ ಅಂದೆ."

"ಆಮೇಲೆ?"

"ಎಲೆ ಅಡಿಕೆ ಹಾಕ್ಕೊಂಡ್ರು. ನೋಡಾಣ ಅಂದ್ರು. ಶನಿವಾರ ಕೊಡ್ತಾರೆ."

ನೋಡಾಣ. ಆ ಒಂದು ಮಾತನ್ನು ನಾನು ಮೂರು ದಿನ ಜಗಿದೆ. ಉಗಿಯಲಿಕ್ಕೂ ಆಗದು, ನುಂಗಲಿಕ್ಕೂ ಆಗದು. ಇವರು ಮಾರನೇ ದಿನವೇ ಡ್ಯೂಟಿ ಮೇಲೆ ಕೆರೆಬಿಳಚಿ ಕಡೆ ಹೋದರು, ಶನಿವಾರ ಬರುತ್ತೇನೆಂದು.

ಶುಕ್ರವಾರ ಸಂಜೆ ನಾನು ಅಂಗಳದಲ್ಲಿ ಸೌದೆ ಒಡೆಯುತ್ತಿದ್ದೆ. ಕೇರಿಯ ತಿರುವಿನಲ್ಲಿ ನಾಯಿ ಬೊಗಳಿತು. ತಲೆ ಎತ್ತಿದರೆ ಕಲ್ಲೇಶಪ್ಪನವರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲು. ಅವರು ನಮ್ಮ ಕೇರಿಗೆ ಕಾಲಿಟ್ಟದ್ದನ್ನು ನಾನು ನೋಡಿದ್ದೇ ಅಂದು. ಅವರ ಹಿಂದೆ ಅವರ ಮನೆಯ ಆಳು ಬೋರಣ್ಣ, ಇನ್ನೂ ಇಬ್ಬರು. ಬೋರಣ್ಣನ ಕೈಯಲ್ಲಿ ಹಾರೆ.

ಆ ಇಬ್ಬರ ಹೆಗಲ ಮೇಲೆ ಉದ್ದಕ್ಕೆ ಅಡಿಕೆ ಮರ ಇತ್ತು ಎಂದು ಆಮೇಲೆ ಎಲ್ಲರೂ ಹೇಳಿದರು. ಇದ್ದಿರಬೇಕು. ನನಗೆ ಕಂಡದ್ದು ಹಾರೆ ಮಾತ್ರ. ಕೊಡಲಿ ಎಲ್ಲಿ ಬಿತ್ತೋ ತಿಳಿಯದು. ಅವರು ಬಾಯಿ ತೆರೆಯುವ ಮೊದಲೇ ನಾನು ಅಂಗಳದಲ್ಲಿ ಮಂಡಿಯೂರಿ ಅವರ ಕಾಲ ಹತ್ತಿರ ಹಣೆ ಇಟ್ಟಿದ್ದೆ.

ಇಲ್ಲಿ ಒಂದು ಹಳೆಯ ಪದ್ಧತಿ ಹೇಳಬೇಕು. ನಮ್ಮತ್ತೆಯ ಕಾಲದಲ್ಲಿ ಕೇರಿಯ ಯಾವ ಮನೆಗೆ ಹೊಸದೇನು ಬಂದರೂ ಮೊದಲು ಸಾಹುಕಾರರ ಮನೆಯ ಜಗಲಿಯ ಕೆಳಗೆ ಒಯ್ದು ತೋರಿಸಿ ಬರಬೇಕಿತ್ತು. ಹೊಸ ಕರು, ಹೊಸ ಕಂಬಳಿ, ಹೊಸ ಸೊಸೆ, ಎಲ್ಲ. ಅವರು ನೋಡುತ್ತಿದ್ದರು, ಮನಸ್ಸಾದರೆ ಇಟ್ಟುಕೊಳ್ಳುತ್ತಿದ್ದರು, ಇಲ್ಲದಿದ್ದರೆ ಒಂದು ಸೇರು ಜೋಳ ಕೊಟ್ಟು ಕಳಿಸುತ್ತಿದ್ದರು. ನನ್ನನ್ನೂ ಮದುವೆಯಾದ ಮೂರನೇ ದಿನ ತೋರಿಸಿ ಬಂದಿದ್ದರು. ಬೊಮ್ಮಕ್ಕ ಹುಟ್ಟಿದಾಗ ಇವರು, ನನ್ನ ಮಗಳನ್ನು ಯಾರಿಗೂ ತೋರಿಸಿ ಬರುವುದಿಲ್ಲ ಎಂದು ಹಟ ಹಿಡಿದರು. ಅಲ್ಲಿಂದ ಕೇರಿಯಲ್ಲೇ ಆ ಪದ್ಧತಿ ನಿಂತಿತು.

ನಿಂತದ್ದು ಕೇರಿಯಲ್ಲಿ. ನನ್ನ ಬಾಯಲ್ಲಿ ಅದು ಇನ್ನೂ ಇತ್ತು.

"ಮೊದ್ಲು ನಿಮಗೇ ತೋರಿಸ್ಬೇಕು ಅಂತಿದ್ವಿರಿ ಸಾಹುಕಾರ್ರೆ. ತಪ್ಪಾತು. ಟೀವಿ ಮೊದ್ಲು ನಿಮ್ಮನೇಲೇ ಹಾಡ್ಲಿ. ಒಯ್ರಿ, ಇವತ್ತೇ ಒಯ್ರಿ. ನಮಗೆ ಯಾಕ್ರಿ ಅದು?"

ಕಲ್ಲೇಶಪ್ಪನವರು ತಬ್ಬಿಬ್ಬಾದರು. ಕಂಬ ನೋಡಿದರು, ನನ್ನನ್ನು ನೋಡಿದರು. "ನಾವು ಬಂದಿದ್ದು..." ಎಂದು ಶುರುಮಾಡಿ ನಿಲ್ಲಿಸಿದರು. ನಾನು ಆಗಲೇ ಎದ್ದು ಒಳಗೆ ಓಡಿ ವಯರು ಕಿತ್ತು ಟೀವಿಯನ್ನು ಹೊಸ್ತಿಲಿಗೆ ತಂದಿಟ್ಟಿದ್ದೆ. ಅವರು ಅದನ್ನೇ ಕೊಂಚ ಹೊತ್ತು ನೋಡಿದರು. ಆಮೇಲೆ ಟವೆಲು ಕೊಡವಿ, "ಹಂಗಂತೀಯಾ? ಆಗ್ಲಿ ಬಿಡು. ನಮ್ಮವ್ವ ನಾಕು ದಿನ ನೋಡ್ಲಿ," ಎಂದರು. ಬೋರಣ್ಣ ಟೀವಿ ಎತ್ತಿಕೊಂಡ. ಬಂದ ಕಂಬ ಬಂದ ಹಾಗೇ ತಿರುಗಿ ಹೋಯಿತು. ಹೋಗುವಾಗ ಆಂಟೆನಾವನ್ನೂ ಅದರ ಜೊತೆ ಕಟ್ಟಿಕೊಟ್ಟವಳು ನಾನೇ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ. ನನಗೆ ಯಾರೂ ಏನೂ ಅಂದಿರಲೇ ಇಲ್ಲ.

ಶನಿವಾರ ಇವರು ಬಂದರು. ಬರೀ ಟೇಬಲ್ಲು ನೋಡಿದರು. ನಾನು ಎಲ್ಲ ಹೇಳಿದೆ.

"ಹೆದರಿಸಿದ್ರಾ?"

"ಇಲ್ಲ."

"ಕೇಳಿದ್ರಾ?"

"ಇಲ್ಲ."

ಅವರು ಚಪ್ಪಲಿ ಕಾಲಲ್ಲೇ ಕುಳಿತುಬಿಟ್ಟರು, ಒಳಮನೆಯಲ್ಲಿ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. "ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಾಕಿಲ್ಲ ಉಡಚಿ," ಎಂದರು. "ನಾನು ಕೇಳಾಕೆ ಹೋಗಾಕಿಲ್ಲ. ನಾನು ಹೋದ್ರೆ ಅದು ಜಗಳ. ಅವರು ಕಿತ್ಕೊಂಡಿದ್ರೆ ಜಗಳ ಆಡ್ತಿದ್ದೆ. ಕೊಟ್ಟಿದ್ದಕ್ಕೆ ಏನಂತ ಆಡ್ಲಿ?"

ನಾಲ್ಕು ದಿನ ಎಂದದ್ದು ಎಂಟಾಯಿತು, ಹದಿನೈದಾಯಿತು. ಕಲ್ಲೇಶಪ್ಪನವರ ಮಹಡಿಯ ಮೇಲೆ ಕಂಬ ಎದ್ದಿತು. ಸಂಜೆಯಾದರೆ ಊರೆಲ್ಲ ಅಲ್ಲಿ. ಮನೆಯವರು, ನೆಂಟರು ಒಳಗೆ. ಊರವರು ಜಗಲಿಯ ಮೇಲೆ. ನಮ್ಮ ಕೇರಿಯ ಮಕ್ಕಳು ಜಗಲಿಯ ಕೆಳಗೆ ಮಣ್ಣಲ್ಲಿ ಕುಳಿತು, ಮುಂದಿನವರ ತಲೆಗಳ ಸಂದಿಯಲ್ಲಿ ಇಣುಕುತ್ತಿದ್ದರು. ಅದು ತಿಪ್ಪೇಶಪ್ಪನ ಟೀವಿ ಎಂದು ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಅನ್ನುತ್ತಿರಲಿಲ್ಲ.

ಬೊಮ್ಮಕ್ಕ ಒಂದು ದಿನವೂ ಹೋಗಲಿಲ್ಲ. ನನ್ನ ಜೊತೆ ಮಾತೂ ಅಷ್ಟಕ್ಕಷ್ಟೇ. ಒಂದು ದಿನ ಅವಳ ತಲೆ ಬಾಚುತ್ತಿದ್ದಾಗ ಕೇಳಿದಳು. "ಅವ್ವ, ನಾನು ಹುಟ್ಟಿದಾಗ ಅಪ್ಪ ನನ್ನ ತೋರಿಸಿ ಬರಾಕೆ ಬಿಡ್ಲಿಲ್ಲಂತೆ, ಹೌದಾ?"

"ಹೂಂ."

"ನಿನ್ನ ಕೈಲಿ ಬಿಟ್ಟಿದ್ರೆ ತೋರಿಸಿ ಬರ್ತಿದ್ದೆ. ಅಲ್ಲೇನು?"

ಬಾಚಣಿಗೆ ನಡು ಕೂದಲಲ್ಲಿ ನಿಂತಿತು. ಯಾರಿಗೂ ಹೇಳದ್ದನ್ನು ಈಗ ನಿಮಗೆ ಹೇಳುತ್ತೇನೆ. ನಾನು ತೋರಿಸಿ ಬಂದಿದ್ದೆ. ಇವರು ಡ್ಯೂಟಿ ಮೇಲೆ ಹೋದಾಗ, ನಲವತ್ತು ದಿನದ ಕೂಸನ್ನು ಸೆರಗಲ್ಲಿ ಮುಚ್ಚಿಕೊಂಡು ಹೋಗಿ, ಆ ಜಗಲಿಯ ಕೆಳಗೆ ನೆಲದ ಮೇಲೆ ಮಲಗಿಸಿದ್ದೆ. ಸಾಹುಕಾರರ ತಾಯಿ ಸಿದ್ದಲಿಂಗಮ್ಮನವರು ಮೇಲಿನಿಂದ ನೋಡಿ, "ಹೆಣ್ಣಾ?" ಎಂದು ಒಳಗೆ ಹೋಗಿದ್ದರು. ಕೂಸಿನ ಬೆನ್ನಿಗೆ ಮೆತ್ತಿದ ಮಣ್ಣನ್ನು ದಾರಿಯಲ್ಲಿ ಒರೆಸಿಕೊಂಡು ಬಂದಿದ್ದೆ, ಇವರಿಗೆ ತಿಳಿಯಬಾರದೆಂದು.

ನಾನು ಮಗಳಿಗೆ ಸುಳ್ಳು ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ. ಸುಮ್ಮನೆ ಜಡೆ ಹಾಕಿದೆ. ಅವಳಿಗೆ ಅಷ್ಟೇ ಸಾಕಾಯಿತೇನೋ. ಪುಸ್ತಕದ ಚೀಲ ಹಿಡಿದು ತಿರುಗಿ ನೋಡದೆ ಹೊರಟಳು. ಆ ಬೆನ್ನು ನೋಡಿ ನನಗೆ ಹಾರೆಗಿಂತ ದೊಡ್ಡ ಹೆದರಿಕೆ ಹುಟ್ಟಿತು. ಇವಳು ಇನ್ನು ಯಾವತ್ತೂ ನನ್ನ ಕಡೆ ತಿರುಗದೇ ಹೋದರೆ?

ಅದೇ ದಿನ ಹನ್ನೊಂದು ಗಂಟೆಗೆ ನಾನು ಸಾಹುಕಾರರ ಮನೆ ಮುಂದೆ ನಿಂತಿದ್ದೆ. ಕಾಲು ಹೇಗೆ ನಡೆದವೋ ಕಾಲಿಗೇ ಗೊತ್ತು. ಮಂಡಿ ನಡುಗುತ್ತಿದ್ದುದು ಸೀರೆಯ ನಿರಿಗೆಯಲ್ಲಿ ಕಾಣುತ್ತಿತ್ತು, ಅದನ್ನು ಮುಚ್ಚಲು ನಿರಿಗೆಯನ್ನು ಮುಷ್ಟಿಯಲ್ಲಿ ಹಿಡಿದೆ. ಕಲ್ಲೇಶಪ್ಪನವರು ಜಗಲಿಯಲ್ಲಿ ಕುಳಿತು ಪೇಪರು ಓದುತ್ತಿದ್ದರು.

"ಏನಮ್ಮ?"

"ಟೀವಿ ಒಯ್ಯಾಕೆ ಬಂದೀನ್ರಿ."

ಪೇಪರು ಕೆಳಗಿಳಿಯಿತು. "ತಿಪ್ಪೇಶಪ್ಪ ಕಳ್ಸಿದ್ನಾ?"

"ಇಲ್ರಿ. ಅವರಿಗೆ ಗೊತ್ತಿಲ್ಲ."

"ನಾನು ಕೇಳಿರ್ಲಿಲ್ಲ. ನೀನೇ ಕೊಟ್ಟಿದ್ದಲ್ಲೇನಮ್ಮ?"

"ನಾನೇ ಕೊಟ್ಟೆ. ಹೆದರಿ ಕೊಟ್ಟೆ."

"ಯಾರಿಗೆ ಹೆದರಿ?"

"ನಿಮಗೇರಿ."

ಅವರ ಮುಖ ಸಣ್ಣದಾಯಿತು. ಸಿಟ್ಟಲ್ಲ, ನೊಂದರು ಎಂದೇ ನನಗೆ ಈಗಲೂ ಅನಿಸುತ್ತದೆ. "ಕಂಬ ನೆಡಾಕೆ ಬಂದಿದ್ದೆ ಕಣಮ್ಮ ನಾನು. ಹಾರೆ ಇಲ್ದೆ ಕಂಬ ಹೆಂಗೆ ನೆಡೋದು?"

"ಹೌದ್ರಿ. ಆದ್ರೆ ಟೀವಿ ಒಯ್ದ್ರಿ."

ಅವರು ಪೇಪರು ಮಡಿಚಿ ಪಕ್ಕಕ್ಕಿಟ್ಟರು. ಒಳಗಿನಿಂದ ಸಿದ್ದಲಿಂಗಮ್ಮನವರ ದನಿ ಬಂತು. "ಕೊಟ್ಟಿದ್ದು ತಿರುಗಿ ಕೇಳೋರ್ನ ಇವತ್ತೇ ನೋಡಿದ್ದು ನಾನು."

ಕಲ್ಲೇಶಪ್ಪನವರು ಕೈ ಎತ್ತಿ ತಾಯಿಯನ್ನು ಸುಮ್ಮನಾಗಿಸಿದರು. ದನಿ ಮೆತ್ತಗೆ ಮಾಡಿಕೊಂಡರು. "ನೋಡಮ್ಮ, ಅವ್ವನಿಗೆ ಅಭ್ಯಾಸ ಆಗೈತೆ. ಇಲಾಖೆ ಪ್ರೊಜೆಕ್ಟರ್ ಹರಾಜು ಐತಂತಲ್ಲ ಸೋಮವಾರ? ಅದನ್ನ ನಾನೇ ಹಿಡಿದು ತಿಪ್ಪೇಶಪ್ಪಗೆ ಕೊಡಿಸ್ತೀನಿ. ರೀಲೂ ತರಿಸ್ಕೊಡ್ತೀನಿ. ವಾರಕ್ಕೊಂದ್ಸಲ ನಮ್ಮ ಗೋಡೆ ಮೇಲೆ ಬಿಡ್ಲಿ. ಊರೂ ನೋಡ್ಲಿ, ನೀವೂ ನೋಡ್ರಿ. ನಿಮ್ಮನೇಲೇ ಇಟ್ಕಳ್ರಿ ಮಿಷನ್ನು. ನಿನಗೆ ಅದೇ ಬೇಕಿತ್ತಂತೆ?"

ನನಗೆ ಅದೇ ಬೇಕಿತ್ತು. ಕೇರಿಯಲ್ಲಿ ಆಡಿದ ಮಾತು ಅವರ ಕಿವಿಗೂ ಬಿದ್ದಿತ್ತು. ಕಂಬವಿಲ್ಲ, ಜಗಳವಿಲ್ಲ, ಸಾಹುಕಾರರ ಮುನಿಸೂ ಇಲ್ಲ. ಮಂಚದ ಕೆಳಗೆ ತಳ್ಳಿದರೆ ಯಾರಿಗೂ ಕಾಣದ ಪೆಟ್ಟಿಗೆ. ಹೂಂ ಎಂದರೆ ಮುಗಿಯಿತು. ಇವರು ವಾರಕ್ಕೊಮ್ಮೆ ಈ ಗೋಡೆಯ ಎದುರು ಮಿಷನ್ನಿನ ಹಿಂದೆ ನಿಲ್ಲುತ್ತಾರೆ. ನಾವು ಮಣ್ಣಲ್ಲಿ ಕುಳಿತುಕೊಳ್ಳುತ್ತೇವೆ. ಬೊಮ್ಮಕ್ಕ ಬರುವುದಿಲ್ಲ.

"ಬ್ಯಾಡ್ರಿ," ಎಂದೆ. "ಟೀವಿನೇ ಕೊಡ್ರಿ."

ಅವರು ಜಗಲಿಯಿಂದ ಎದ್ದರು. "ಆಗ್ಲಿ. ನಾಳೆ ಬೋರಣ್ಣನ ಕೈಲಿ ಕಳಿಸ್ತೀನಿ."

ನಾಳೆ ಎಂದರೆ ಏನೆಂದು ನಮ್ಮಂಥವರಿಗೆ ಚೆನ್ನಾಗಿ ಗೊತ್ತು. "ಈಗ್ಲೇ ಒಯ್ತೀನ್ರಿ. ತಲೆ ಮೇಲೆ ಹೊರ್ತೀನಿ."

ಬೋರಣ್ಣ ಟೀವಿ ತಂದು ಜಗಲಿಯ ಅಂಚಿಗೆ ಇಟ್ಟ. ಮುಖ ಎತ್ತಲಿಲ್ಲ ಪಾಪ. ನಾನು ಸೆರಗು ಸುತ್ತಿ ಸಿಂಬೆ ಮಾಡಿ ತಲೆಗಿಟ್ಟು, ಬಗ್ಗಿ ಟೀವಿ ಹೊತ್ತೆ. "ಆಂಟೆನಾ ಬಿಚ್ಚಿಸಿ ಇಡ್ರಿ, ಸಂಜೆ ಬರ್ತೀನಿ," ಎಂದೆ. ಇಷ್ಟು ಮಾತು ನನ್ನ ಬಾಯಿಂದ ಹೇಗೆ ಬಂತೋ, ಆ ಶಿವನಿಗೇ ಗೊತ್ತು.

ನಮ್ಮ ಕೇರಿಗೆ ಹಿಂದಿನ ದಾರಿ ಇದೆ, ತೋಟದ ಬೇಲಿಯ ಪಕ್ಕ. ಯಾರೂ ಕಾಣುವುದಿಲ್ಲ. ಆದರೆ ಅಲ್ಲಿ ಕಾಲುವೆ ದಾಟಬೇಕು, ಟೀವಿ ಹೊತ್ತು ದಾಟುವುದಕ್ಕಾಗದು. ಹಾಗಾಗಿ ನಡು ಬೀದಿಯಲ್ಲೇ ಹೊರಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನನ್ನದು ಆಡಿ ಆಗಿತ್ತು. ಪ್ರತಿ ಹೆಜ್ಜೆಗೂ ಬೆನ್ನ ಮೇಲೆ ಕಲ್ಲು ಬೀಳುತ್ತದೆ ಎಂದು ಕಾಯುತ್ತ ನಡೆದೆ. ಬೆನ್ನಿನ ಚರ್ಮ ಆಗಲೇ ಉರಿಯುತ್ತಿತ್ತು. ಕುತ್ತಿಗೆ ತಿರುಗಿಸಲಾಗದು, ಯಾರ ಮುಖದಲ್ಲಿ ಏನಿದೆಯೋ ಕಾಣದು. ಹೋಟೆಲಿನ ಮುಂದೆ ಮಾತು ನಿಂತಿತು. ಬಾವಿಯ ಗಡಗಡೆ ನಿಂತಿತು.

ಹೋಟೆಲಿನ ನಾಗರಾಜಪ್ಪ ಒಬ್ಬರೇ ಮಾತಾಡಿದರು. ಒಳ್ಳೆಯ ಮನುಷ್ಯ, ನನ್ನ ಮರ್ಯಾದೆ ಉಳಿಸಲೆಂದೇ ಕೇಳಿದರು. "ಏನಮ್ಮ ಉಡಚಮ್ಮ, ಸಾಹುಕಾರ್ರ ಟೀವಿ ರಿಪೇರಿಗೇನು?"

ಹೂಂ ಎಂದಿದ್ದರೆ ಬೀದಿ ಮತ್ತೆ ಮಾತಾಡಲು ಶುರುಮಾಡುತ್ತಿತ್ತು. ಹೂಂ ಎನ್ನಲು ಬಾಯಿ ತೆರೆದೂ ಇದ್ದೆ.

"ಅಲ್ರಿ, ನಮ್ಮದೇ. ನಮ್ಮನೆಗೆ ಒಯ್ತಿದೀನಿ," ಎಂದೆ.

ಮನೆ ತಲುಪಿದಾಗ ಬೊಮ್ಮಕ್ಕ ಬಾಗಿಲಲ್ಲಿದ್ದಳು. ಆ ದಿನ ಶಾಲೆ ಅರ್ಧ ದಿನವಂತೆ. ಹೊಸ್ತಿಲಲ್ಲಿ ಬಾಯಿ ತೆರೆದು ನಿಂತಳು. ಆಮೇಲೆ ಓಡಿಬಂದು ಟೀವಿಯ ಇನ್ನೊಂದು ಕಡೆ ಹಿಡಿದು, "ಇಳಿಸವ್ವ," ಎಂದಳು. ಇಳಿಸಬೇಕು ಎಂದು ನನಗೂ ಇತ್ತು, ಆದರೆ ಬೆರಳುಗಳು ಬಿಡಲಿಲ್ಲ. ಮರಗಟ್ಟಿ ಹೋಗಿದ್ದವು. ಅವಳು ಒಂದು ಕೈಯಲ್ಲಿ ಟೀವಿ ಆತು ಹಿಡಿದು, ಇನ್ನೊಂದು ಕೈಯಲ್ಲಿ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಟೇಬಲ್ಲಿನ ಮೇಲೆ ಇಟ್ಟು ಬಂದು ನನ್ನನ್ನು ಗೋಡೆಗೆ ಒರಗಿಸಿ ಕೂರಿಸಿದಳು, ನೀರು ಕೊಟ್ಟಳು. ಅವಳೇ ಲೋಟ ಹಿಡಿದು ಕುಡಿಸಿದಳು.

ಕೇರಿಯ ತಿರುವಿನಲ್ಲಿ ನಾಯಿ ಬೊಗಳಿತು. ಯಾರೋ ಬರುತ್ತಿದ್ದರು, ಒಬ್ಬರಲ್ಲ, ನಾಲ್ಕೈದು ಜನರ ಕಾಲ ಸಪ್ಪಳ.

"ಬಾಗ್ಲು ಹಾಕೇ. ಅಗಳಿ ಹಾಕೇ ಬೊಮ್ಮಿ," ಎಂದೆ.

ಅವಳು ನನ್ನ ಕೈ ಬಿಡದೆ ಪಕ್ಕದಲ್ಲೇ ಕುಳಿತಳು. ಬಾಗಿಲು ಹಾಕಲಿಲ್ಲ.